ಜರ್ಮನಿಯಲ್ಲಿ ಚರ್ಮದ ಡಾಕ್ಟರ್: ಪಬ್ಲಿಕ್ ಇನ್ಶೂರೆನ್ಸ್ ಇರುವ ಹೊಸಬರಿಗೆ

ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ನನ್ನ ಬೆರಳ ಸಂದುಗಳು ಒಡೆದು ರಕ್ತ ಬರತೊಡಗಿತು. ಹೊರಗೆ ಕೊರೆಯುವ ಚಳಿ, ಒಳಗೆ ದಿನವಿಡೀ ಹೀಟರ್. ಪಾತ್ರೆ ತೊಳೆಯಲು ಕೈ ನೀರಿಗಿಟ್ಟರೆ ಉರಿ. ರಾತ್ರಿ ತುರಿಕೆಗೆ ನಿದ್ದೆ ಇಲ್ಲ. ಮನೆ ಹತ್ತಿರವೇ ಚರ್ಮದ ಡಾಕ್ಟರ ಬೋರ್ಡ್ ಇತ್ತು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಫೋನ್ ಮಾಡಿದೆ. ಏನಾಗಿದೆ ಎಂದು ಯಾರೂ ಕೇಳಲಿಲ್ಲ. ಮೊದಲ ಪ್ರಶ್ನೆಯೇ "ಗೆಜೆಟ್ಸ್‌ಲಿಶ್ ಓಡರ್ ಪ್ರಿವಾಟ್?" ನಿಮ್ಮ ಹೆಲ್ತ್ ಇನ್ಶೂರೆನ್ಸ್ ಪಬ್ಲಿಕ್ಕೋ ಪ್ರೈವೇಟೋ ಎಂದು. ಪಬ್ಲಿಕ್ ಎಂದೆ. ಐದು ತಿಂಗಳ ನಂತರದ ಒಂದು ದಿನ ಕೊಟ್ಟರು. ನಾನು ಅದನ್ನೇ ಬರೆದುಕೊಂಡು ಫೋನ್ ಇಟ್ಟುಬಿಟ್ಟೆ. ಬೇರೆ ದಾರಿಯೂ ಇದೆ ಎಂದು ಹೇಳುವವರು ಆಗ ಯಾರೂ ಇರಲಿಲ್ಲ. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಪಬ್ಲಿಕ್ ಇನ್ಶೂರೆನ್ಸ್ ಇದೆ ಎಂದು ಹೇಳಲು ಸಂಕೋಚ ಬೇಡ. ಈ ದೇಶದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನ ಇದೇ ವ್ಯವಸ್ಥೆಯಲ್ಲಿದ್ದಾರೆ. ನಿಮ್ಮ ಸಂಬಳದಿಂದ ತಿಂಗಳು ತಿಂಗಳು ದುಡ್ಡು ಕಟ್ ಆಗುತ್ತಿದೆ. ಸಂಪಾದನೆ ಇಲ್ಲದ ಗಂಡ ಅಥವಾ ಹೆಂಡತಿ, ಮಕ್ಕಳು ಸಾಮಾನ್ಯವಾಗಿ ನಿಮ್ಮ ವಿಮೆಯೊಳಗೇ ಬರುತ್ತಾರೆ, ಅದಕ್ಕೆ ಬೇರೆ ಕಂತಿಲ್ಲ. ಆದರೆ ಅವರವರಿಗೆ ಅವರವರದೇ ಕಾರ್ಡ್ ಇರಬೇಕು. ಕಾರ್ಡ್ ಬಂದಿಲ್ಲ ಎಂದರೆ ಕಾಸ್ಸೆಗೆ, ಅಂದರೆ ವಿಮೆ ಕಂಪನಿಗೆ, ಇವತ್ತೇ ಫೋನ್ ಮಾಡಿ.

ಡಾಕ್ಟರ ಬೋರ್ಡನ್ನು ಪೂರ್ತಿ ಓದುವುದನ್ನು ರೂಢಿ ಮಾಡಿಕೊಳ್ಳಿ. "ಆಲ್ಲೆ ಕಾಸ್ಸನ್" ಎಂದು ಬರೆದಿದ್ದರೆ ಎಲ್ಲ ಪಬ್ಲಿಕ್ ವಿಮೆಯವರನ್ನೂ ನೋಡುತ್ತಾರೆ. "ಪ್ರಿವಾಟ್‌ಪ್ರಾಕ್ಸಿಸ್" ಎಂದಿದ್ದರೆ ಅಲ್ಲಿ ನಿಮ್ಮ ಕಾರ್ಡ್ ನಡೆಯುವುದಿಲ್ಲ. ಒಳಗೆ ಹೋಗಿ ತೋರಿಸಿಕೊಂಡರೆ ಬಿಲ್ ನಿಮ್ಮ ಹೆಸರಿಗೇ ಬರುತ್ತದೆ, ಕಾಸ್ಸೆ ಸಾಮಾನ್ಯವಾಗಿ ವಾಪಸ್ ಕೊಡುವುದಿಲ್ಲ. ಚರ್ಮದ ಡಾಕ್ಟರುಗಳಲ್ಲಿ ಇಂಥ ಕ್ಲಿನಿಕ್‌ಗಳಿಗೇನೂ ಕಡಿಮೆಯಿಲ್ಲ. ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿಕೊಳ್ಳುವ ಡಾಕ್ಟೊಲಿಬ್ ವೆಬ್‌ಸೈಟಿನಲ್ಲಿ ಹುಡುಕುವಾಗಲೂ ಗೆಜೆಟ್ಸ್‌ಲಿಶ್ ಎಂಬ ಆಯ್ಕೆ ಒತ್ತಿಯೇ ಹುಡುಕಿ. ನಾಳೆಗೇ ಜಾಗ ಖಾಲಿ ಕಂಡರೆ ಖುಷಿಪಡುವ ಮೊದಲು ಅಲ್ಲಿ "ಜೆಲ್ಬ್‌ಸ್ಟ್‌ಜಾಲರ್" ಎಂದು ಬರೆದಿದೆಯಾ ನೋಡಿ. ಕೈಯಿಂದ ದುಡ್ಡು ಕೊಡುವವರು ಎಂದು ಅದರ ಅರ್ಥ. ನನಗೆ ಜಾಸ್ತಿ ನಂಬಿಕೆ 116117 ಎಂಬ ಡಾಕ್ಟರ್ ಸಹಾಯವಾಣಿಯ ವೆಬ್‌ಸೈಟಿನ ಡಾಕ್ಟರ್ ಹುಡುಕಾಟದ ಮೇಲೆ. ಅಲ್ಲಿ ಬರುವ ಹೆಸರುಗಳು ಪಬ್ಲಿಕ್ ವಿಮೆಯ ಜೊತೆ ಒಪ್ಪಂದ ಇರುವ ಡಾಕ್ಟರುಗಳದ್ದೇ. ಚರ್ಮದ ಡಾಕ್ಟರಿಗೆ ಇಲ್ಲಿ "ಹೌಟ್‌ಆರ್ಟ್ಸ್ಟ್" (Hautarzt) ಅನ್ನುತ್ತಾರೆ, ಹುಡುಕುವಾಗ ಆ ಪದವನ್ನೇ ಹಾಕಿ.

ಹೆಸರು ಸಿಕ್ಕಿತು, ಫೋನ್ ಮಾಡಿದಿರಿ, "ಹೊಸ ಪೇಷೆಂಟ್ ತಗೊಳ್ಳಲ್ಲ" ಎಂದರು. ಹೆಚ್ಚಿನವರು ಕೈಚೆಲ್ಲುವುದು ಇಲ್ಲೇ. ಆರೇಳು ಕಡೆ ಇದೇ ಮಾತು ಕೇಳಿ ನಾನೂ ಸೋತು ಕೂತಿದ್ದೆ. ಆಮೇಲೆ ಪಕ್ಕದ ಮನೆಯ ಅಜ್ಜಿಯೊಬ್ಬರು ನನ್ನ ಕೈ ನೋಡಿ ಕೇಳಿದ್ದು ಒಂದೇ ಮಾತು: "ನಿಮ್ಮ ಹೌಸ್‌ಆರ್ಟ್ಸ್ಟ್ ಏನಂದ್ರು?" ಹೌಸ್‌ಆರ್ಟ್ಸ್ಟ್ ಅಂದರೆ ಫ್ಯಾಮಿಲಿ ಡಾಕ್ಟರ್. ನನಗೆ ಅಂಥವರೇ ಇರಲಿಲ್ಲ! ನೇರವಾಗಿ ಸ್ಪೆಷಲಿಸ್ಟ್ ಹತ್ತಿರ ಹೋಗಿ ಅಭ್ಯಾಸ ನಮಗೆ. ಇಲ್ಲಿಯೂ ನಿಯಮದ ಪ್ರಕಾರ ಚರ್ಮದ ಡಾಕ್ಟರ ಹತ್ತಿರ ನೇರವಾಗಿ ಹೋಗಬಹುದು, ನಿಜ. ನಿಮ್ಮ ಕಾಸ್ಸೆಯ ಫ್ಯಾಮಿಲಿ ಡಾಕ್ಟರ್ ಯೋಜನೆಗೆ ಸೇರಿದ್ದರೆ ಮಾತ್ರ ಅವರ ಚೀಟಿ ಬೇಕೇ ಬೇಕು. ಆದರೆ ಬೇಗ ದಿನ ಸಿಗಬೇಕಾದರೆ ದಾರಿ ಫ್ಯಾಮಿಲಿ ಡಾಕ್ಟರ ಮೂಲಕವೇ. ಹಾಗಾಗಿ ಆರೋಗ್ಯ ಚೆನ್ನಾಗಿರುವಾಗಲೇ ಮನೆ ಹತ್ತಿರ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ.

ಅವರ ಹತ್ತಿರ ಕೇಳಬೇಕಾದದ್ದು "ಉಬರ್‌ವೈಸುಂಗ್", ಅಂದರೆ ಸ್ಪೆಷಲಿಸ್ಟ್‌ಗೆ ಕಳುಹಿಸುವ ಚೀಟಿ. ಬರೀ ಚೀಟಿ ಸಾಲದು. ಅದರ ಮೇಲೆ "ಫರ್‌ಮಿಟ್ಲುಂಗ್ಸ್‌ಕೋಡ್" ಇರಬೇಕು, ಹನ್ನೆರಡು ಅಂಕಿ ಅಕ್ಷರಗಳ ಒಂದು ಕೋಡ್. ಇದು ಬೇಗ ನೋಡಬೇಕಾದ ಕೇಸ್ ಎಂದು ಡಾಕ್ಟರಿಗೆ ಅನ್ನಿಸಿದರೆ ಕೊಡುತ್ತಾರೆ. ಕೇಳದೆ ಕೊಡುವವರು ಕಡಿಮೆ, ಆದ್ದರಿಂದ ಬಾಯಿಬಿಟ್ಟು ಕೇಳಿ. ರಾತ್ರಿ ನಿದ್ದೆ ಇಲ್ಲ, ಕೆಲಸ ಮಾಡಲಾಗುತ್ತಿಲ್ಲ, ಮಚ್ಚೆಯ ಆಕಾರ ಬದಲಾಗಿದೆ, ಹೀಗೆ ಇರುವುದನ್ನು ಇದ್ದ ಹಾಗೆ ಹೇಳಿ. "ಪರವಾಗಿಲ್ಲ, ಸ್ವಲ್ಪ ತುರಿಕೆ ಅಷ್ಟೇ" ಎಂದು ಮುಚ್ಚಿಡುವುದು ನಮ್ಮವರ ಸ್ವಭಾವ. ಇಲ್ಲಿ ಅದರಿಂದ ನಷ್ಟ ನಿಮಗೇ.

ಆ ಕೋಡ್ ಹಿಡಿದುಕೊಂಡು 116117ಕ್ಕೆ ಫೋನ್ ಮಾಡಿ. ಮುಂದೆ ಊರಿನ ಏರಿಯಾ ಕೋಡ್ ಏನೂ ಬೇಡ, ಇಷ್ಟೇ ಅಂಕಿ, ಕರೆ ಉಚಿತ. ಅಥವಾ ಅವರ ವೆಬ್‌ಸೈಟಿನಲ್ಲಿ ಚೀಟಿಯ ಕೋಡ್ ಹಾಕಿದರೆ ಖಾಲಿ ಇರುವ ದಿನಗಳು ಕಾಣುತ್ತವೆ. ಅವರು ಒಂದು ವಾರದೊಳಗೆ ಒಂದು ದಿನ ಗೊತ್ತು ಮಾಡಿ ಹೇಳಬೇಕು. ಆ ದಿನ ನಾಲ್ಕು ವಾರಕ್ಕಿಂತ ಆಚೆ ಹೋಗಬಾರದು ಎಂಬುದು ನಿಯಮ. ಡಾಕ್ಟರನ್ನು ನೀವು ಆರಿಸಿಕೊಳ್ಳುವಂತಿಲ್ಲ, ಸ್ವಲ್ಪ ದೂರದ ಬಡಾವಣೆಗೆ ಹೋಗಬೇಕಾಗಬಹುದು. ನನ್ನ ಕೈಯನ್ನು ಕೊನೆಗೆ ನೋಡಿದವರು ಎರಡು ಟ್ರೈನ್ ಬದಲಿಸಿ ಹೋಗಬೇಕಾದ ಕಡೆ ಇದ್ದರು. ಹದಿನೆಂಟನೇ ದಿನಕ್ಕೆ ಸಿಕ್ಕಿತು. ಐದು ತಿಂಗಳೆಲ್ಲಿ, ಹದಿನೆಂಟು ದಿನವೆಲ್ಲಿ, ಅಲ್ವಾ?

ಇನ್ನೂ ಎರಡು ದಾರಿ ಇವೆ. ನಿಮ್ಮ ಫ್ಯಾಮಿಲಿ ಡಾಕ್ಟರ ಕ್ಲಿನಿಕ್‌ನವರೇ ಚರ್ಮದ ಡಾಕ್ಟರಿಗೆ ಫೋನ್ ಮಾಡಿ ದಿನ ತೆಗೆಸಿಕೊಡಬಹುದು. ಹೀಗೆ ಬರುವ ಪೇಷೆಂಟ್‌ಗಳಿಗೆ ಸ್ಪೆಷಲಿಸ್ಟ್‌ಗೆ ಕಾಸ್ಸೆಯಿಂದ ಹೆಚ್ಚು ಹಣ ಸಿಗುವುದರಿಂದ ಅವರೂ ಒಪ್ಪುವುದುಂಟು. ಇನ್ನೊಂದು "ಓಫನೆ ಶ್ಪ್ರೆಶ್‌ಶ್ಟುಂಡೆ". 2019ರಲ್ಲಿ ಬಂದ ಕಾನೂನಿನ ಪ್ರಕಾರ ಚರ್ಮದ ಡಾಕ್ಟರೂ ವಾರಕ್ಕೆ ಐದು ಗಂಟೆಯಾದರೂ ಮೊದಲೇ ದಿನ ಗೊತ್ತು ಮಾಡದೆ ಬರುವವರಿಗಾಗಿ ತೆರೆದಿಡಬೇಕು. ಆ ಸಮಯ ಬಾಗಿಲ ಮೇಲೋ ವೆಬ್‌ಸೈಟಿನಲ್ಲೋ ಇರುತ್ತದೆ. ಅರ್ಧ ಗಂಟೆ ಮೊದಲೇ ಹೋಗಿ ಬಾಗಿಲಲ್ಲಿ ನಿಲ್ಲಿ, ದಪ್ಪ ಜಾಕೆಟ್ ಹಾಕಿಕೊಂಡೇ ಹೋಗಿ. ತಡವಾದರೆ "ಇವತ್ತಿಗೆ ಭರ್ತಿ" ಎಂದು ವಾಪಸ್ ಕಳುಹಿಸುತ್ತಾರೆ.

ಇನ್ನು ಒಳಗೆ ಹೋದ ಮೇಲಿನ ಮಾತು. ಡಾಕ್ಟರ ಜೊತೆ ಸಿಗುವ ಸಮಯ ತುಂಬಾ ಕಡಿಮೆ. ದದ್ದು ಜೋರಾಗಿದ್ದ ದಿನವೇ ಕಿಟಕಿ ಬೆಳಕಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ನೀವು ಹೋಗುವ ದಿನ ಅದು ಅರ್ಧ ಮಾಯವಾಗಿರುತ್ತದೆ. ನಮ್ಮ ಕಂದು ಚರ್ಮದ ವಿಷಯದಲ್ಲಿ ಇದು ಇನ್ನೂ ಮುಖ್ಯ. ಬಿಳಿ ಚರ್ಮದ ಮೇಲೆ ಕೆಂಪಗೆ ಕಾಣುವ ಉರಿಯೂತ ನಮ್ಮಲ್ಲಿ ನೇರಳೆ, ಬೂದು ಅಥವಾ ಗಾಢ ಕಂದಾಗಿ ಕಾಣುತ್ತದೆ. "ಕೆಂಪಿಲ್ಲವಲ್ಲ" ಎಂದು ಯಾರಾದರೂ ಹಗುರವಾಗಿ ತೆಗೆದುಕೊಂಡರೆ ಫೋಟೋ ತೋರಿಸಿ, ನಿಮ್ಮ ಮಾಮೂಲಿ ಬಣ್ಣ ಯಾವುದು ಎಂದು ಪಕ್ಕದ ಚರ್ಮ ತೋರಿಸಿ ಹೇಳಿ. ಉರಿಯೂತ ಹೋದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ, ಅದನ್ನೂ ಕೇಳಿ. ಜರ್ಮನ್ ಬರದಿದ್ದರೆ ಒಂದೆರಡು ವಾಕ್ಯ ಚೀಟಿಯಲ್ಲಿ ಬರೆದುಕೊಂಡು ಹೋಗಿ. "ಎಸ್ ಯುಕ್ಟ್ ಜೈಟ್ ದ್ರೈ ವೊಖನ್" ಅಂದರೆ ಮೂರು ವಾರದಿಂದ ತುರಿಕೆ ಇದೆ. ಬಳಸುತ್ತಿರುವ ಕ್ರೀಮಿನ ಟ್ಯೂಬನ್ನೇ ಕೈಚೀಲದಲ್ಲಿ ಹಾಕಿಕೊಂಡು ಹೋಗಿ. ಊರಿಂದ ತಂದದ್ದಾದರೂ ಸರಿ. ಅದರಲ್ಲಿ ಸ್ಟಿರಾಯ್ಡ್ ಇದೆಯೋ ಇಲ್ಲವೋ ಎಂದು ಡಾಕ್ಟರಿಗೆ ಗೊತ್ತಾಗಲೇಬೇಕು.

ಕೌಂಟರಿನಲ್ಲಿ ಕೆಲವೊಮ್ಮೆ ಒಂದು ಫಾರ್ಮ್ ಕೈಗಿಡುತ್ತಾರೆ. ನನ್ನ ಸ್ನೇಹಿತೆಯೊಬ್ಬಳು ಅದು ಹೆಸರು ವಿಳಾಸದ ಫಾರ್ಮ್ ಎಂದುಕೊಂಡು ಸಹಿ ಹಾಕಿದಳು. ಎರಡು ವಾರಕ್ಕೆ ಮನೆಗೆ ಬಿಲ್ ಬಂತು. ಕಾಸ್ಸೆ ಕೊಡದ, ನಾವೇ ದುಡ್ಡು ಕೊಡಬೇಕಾದ ಇಂಥ ಪರೀಕ್ಷೆಗಳಿಗೆ "ಈಗಲ್" ಎಂದು ಹೆಸರು. ಅದು ಕಡ್ಡಾಯವಲ್ಲ, ಬೇಡ ಎಂದರೂ ನಿಮ್ಮನ್ನು ನೋಡಲೇಬೇಕು. ಸಹಿ ಹಾಕುವ ಮೊದಲು ಒಂದೇ ಪ್ರಶ್ನೆ ಕೇಳಿ: "ಉಬರ್‌ನಿಮ್ಟ್ ದಾಸ್ ದಿ ಕಾಸ್ಸೆ?" ಇದನ್ನು ಕಾಸ್ಸೆ ಕೊಡುತ್ತಾ? ಇಲ್ಲ ಎಂದರೆ ಫಾರ್ಮ್ ಮನೆಗೆ ತಂದು ಓದಿ.

ಹಾಗಂತ ಪುಕ್ಕಟೆ ಸಿಗುವುದನ್ನು ಬಿಡಬೇಡಿ. ವಯಸ್ಸು 35 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಚರ್ಮದ ಕ್ಯಾನ್ಸರ್ ತಪಾಸಣೆ ಕಾಸ್ಸೆ ಖರ್ಚಿನಲ್ಲೇ ಆಗುತ್ತದೆ. ನಮ್ಮಂಥ ಬಣ್ಣದವರಿಗೆ ಅದು ಬರಲ್ಲ ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ಕಡಿಮೆ ಬರುತ್ತದೆ, ನಿಜ. ಆದರೆ ಬಂದಾಗ ಅಂಗಾಲು, ಅಂಗೈ, ಉಗುರಿನ ಅಡಿಯಂಥ ಯಾರೂ ನೋಡದ ಜಾಗದಲ್ಲೂ ಬರುವುದುಂಟು, ಹಾಗಾಗಿ ತಡವಾಗಿ ಗೊತ್ತಾಗುತ್ತದೆ. ತಪಾಸಣೆಗೆ ಹೋಗುವಾಗ ಉಗುರು ಬಣ್ಣ ತೆಗೆದು ಹೋಗಿ. ಡಾಕ್ಟರ್ ಅಂಗಾಲು ನೋಡದಿದ್ದರೆ ನೀವೇ ಸಾಕ್ಸ್ ತೆಗೆದು ತೋರಿಸಿ.

ಔಷಧಿಗೆ ಈಗ ಕಾಗದದ ಚೀಟಿ ಅಪರೂಪ. 2024ರ ಜನವರಿಯಿಂದ ಎಲ್ಲ ಕಾರ್ಡಿನಲ್ಲೇ. ಅಪೊಟೇಕೆಯಲ್ಲಿ, ಅಂದರೆ ಔಷಧಿ ಅಂಗಡಿಯಲ್ಲಿ, ಕಾರ್ಡ್ ಕೊಟ್ಟರೆ ಆಯ್ತು, 28 ದಿನದೊಳಗೆ ತೆಗೆದುಕೊಳ್ಳಬೇಕು. ದೊಡ್ಡವರು ಔಷಧಿ ಬೆಲೆಯ ನೂರಕ್ಕೆ ಹತ್ತು ಭಾಗ ಕೊಡಬೇಕು, ಸಾಮಾನ್ಯವಾಗಿ 5 ಯೂರೋಗೆ ಕಡಿಮೆಯಿಲ್ಲ, 10ಕ್ಕೆ ಮೇಲಿಲ್ಲ. 18 ತುಂಬದ ಮಕ್ಕಳಿಗೆ ಅದೂ ಇಲ್ಲ. ಯೂರಿಯಾ ಇರುವ ಮಾಯಿಶ್ಚರೈಸರ್‌ನಂಥ ದಿನನಿತ್ಯದ ಕ್ರೀಮುಗಳನ್ನು ದೊಡ್ಡವರು ತಮ್ಮ ದುಡ್ಡಲ್ಲೇ ಕೊಳ್ಳಬೇಕು. ಚಳಿಗಾಲದಲ್ಲಿ ನಾನು ಇದಕ್ಕೆ ಜಿಪುಣತನ ಮಾಡುವುದಿಲ್ಲ. ಕೈ ತೊಳೆದ ಪ್ರತಿ ಸಲ ಹಚ್ಚುತ್ತೇನೆ, ಮತ್ತೆ ಬೆರಳು ಒಡೆದಿಲ್ಲ.

ಮುಖ, ನಾಲಿಗೆ ಊದಿ ಉಸಿರಾಡಲು ಕಷ್ಟವಾದರೆ ಇದ್ಯಾವುದೂ ಬೇಡ, ತಕ್ಷಣ 112. ಜ್ವರದ ಜೊತೆ ದದ್ದು ಬೇಗ ಬೇಗ ಹರಡುತ್ತಿದ್ದರೆ ರಾತ್ರಿಯಾಗಲಿ ಭಾನುವಾರವಾಗಲಿ ಅದೇ 116117ಕ್ಕೆ ಫೋನ್ ಮಾಡಿ. ಎಲ್ಲಿಗೆ ಹೋಗಬೇಕು ಎಂದು ಅವರು ಹೇಳುತ್ತಾರೆ.

ಕೊಟ್ಟ ದಿನಕ್ಕೆ ಹೋಗಲು ಆಗದಿದ್ದರೆ 24 ಗಂಟೆ ಮೊದಲೇ ತಿಳಿಸಿ, ಇಲ್ಲದಿದ್ದರೆ ಕೆಲವು ಕಡೆ ದಂಡದ ಬಿಲ್ ಬರುತ್ತದೆ. ಪ್ರತಿ ಮೂರು ತಿಂಗಳಿಗೊಮ್ಮೆ, ಅಂದರೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರಿನಿಂದ ಹೊಸ ಲೆಕ್ಕ ಶುರುವಾಗುವುದರಿಂದ ಕಾರ್ಡ್ ಮತ್ತೆ ತೋರಿಸಬೇಕು. ಮತ್ತೆ ತೋರಿಸಿಕೊಳ್ಳಬೇಕು ಎಂದು ಡಾಕ್ಟರ್ ಹೇಳಿದ್ದರೆ ಜಾಕೆಟ್ ಹಾಕಿಕೊಂಡು ಹೊರಟುಬಿಡಬೇಡಿ. ಕೌಂಟರಿನಲ್ಲಿ ನಿಂತು ಮುಂದಿನ ದಿನವನ್ನು ಆಗಲೇ ಬರೆಸಿಕೊಳ್ಳಿ. ಈಗ ನೀವು ಅಲ್ಲಿನ ಹಳೆಯ ಪೇಷೆಂಟ್, ನಿಮ್ಮ ಹೆಸರು ಅವರ ಕಂಪ್ಯೂಟರಿನಲ್ಲಿದೆ.