ಹಳೆಯ ಗ್ರ್ಯಾಂಡ್ ಪಿಯಾನೋದ ದನಿಗೆ ಮತ್ತೆ ಬಲ ತುಂಬುವುದು

ದನಿ ಸೊರಗಿದೆ ಎಂದು ಹ್ಯಾಮರ್‌ಗಳಿಗೆ (ತಂತಿಯನ್ನು ಬಡಿಯುವ, ಫೆಲ್ಟ್ ಅಂದರೆ ಒತ್ತಿದ ಉಣ್ಣೆ ಹೊದಿಸಿದ ಸುತ್ತಿಗೆಗಳಿಗೆ) ನೇರವಾಗಿ ಲ್ಯಾಕರ್ (ಫೆಲ್ಟನ್ನು ಗಡುಸಾಗಿಸುವ ದ್ರವ) ಹಾಕಲು ಹೋಗಬೇಡಿ. ಬೆರಳಿನ ಬಲ ತಂತಿ ಮುಟ್ಟುವ ಮೊದಲೇ ಎಲ್ಲಿ ಸೋರುತ್ತಿದೆ ಎಂಬುದನ್ನು ಹುಡುಕಿ.

ಆಕ್ಷನ್ (ಕೀ, ಹ್ಯಾಮರ್‌ಗಳಿರುವ ಯಂತ್ರಭಾಗ) ಹೊರಗೆಳೆಯುವಾಗ ಒಂದೂ ಕೀ ಒತ್ತದಂತೆ ನೋಡಿಕೊಳ್ಳಿ. ಮೇಲೆದ್ದ ಹ್ಯಾಮರ್ ಪಿನ್‌ಬ್ಲಾಕಿಗೆ (ಶ್ರುತಿ ಗೂಟಗಳನ್ನು ಹಿಡಿದಿರುವ ಮರದ ಹಲಗೆಗೆ) ಸಿಕ್ಕಿ ಅದರ ಕಡ್ಡಿ ಮುರಿಯುತ್ತದೆ. ಫೆಲ್ಟ್ ಸವೆದಂತೆ ಅಳತೆಗಳೆಲ್ಲ ಕೆಡುತ್ತವೆ. ಕೀ ಸುಮಾರು 10 ಮಿ.ಮೀ. ಇಳಿಯಬೇಕು, ಹ್ಯಾಮರ್ ತಂತಿಯಿಂದ 45–48 ಮಿ.ಮೀ. ಕೆಳಗಿರಬೇಕು. ಕೀಯನ್ನು ಮೆಲ್ಲಗೆ ಒತ್ತಿದರೆ ಹ್ಯಾಮರ್ ತಂತಿಗೆ 1.5–2 ಮಿ.ಮೀ. ಹತ್ತಿರ ಬಂದು ಕೆಳಗೆ ಬೀಳಬೇಕು (ಮಂದ್ರದಲ್ಲಿ ಅಂತರ ತುಸು ಹೆಚ್ಚಿರಲಿ). 5 ಮಿ.ಮೀ. ದೂರದಲ್ಲೇ ಬಿದ್ದರೆ ಎಷ್ಟು ಜೋರಾಗಿ ಬಾರಿಸಿದರೂ ದನಿ ಪೊಳ್ಳು. ಎಷ್ಟೋ ಪಿಯಾನೋಗಳು ಇಷ್ಟು ಸರಿಪಡಿಸಿದರೇ ಅರ್ಧ ಚೇತರಿಸಿಕೊಳ್ಳುತ್ತವೆ.

ನಂತರ ಹ್ಯಾಮರ್. ತಂತಿಗಳು ಕೊರೆದ ಗೆರೆ ಆಳವಾಗಿ, ತುದಿ ಚಪ್ಪಟೆಯಾಗಿದ್ದರೆ ಅದು ತಂತಿಗೆ ಅಗಲವಾಗಿ ಅಂಟಿಕೊಂಡು ಮೇಲಿನ ಸ್ವರಾಂಶಗಳನ್ನು (ದನಿಗೆ ಹೊಳಪು ಕೊಡುವ ಸೂಕ್ಷ್ಮ ಸ್ವರಗಳನ್ನು) ಅಡಗಿಸುತ್ತದೆ. ಮರದ ಪಟ್ಟಿಗೆ 120ರ ಸ್ಯಾಂಡ್‌ಪೇಪರ್ ಅಂಟಿಸಿ, ಭುಜದಿಂದ (ಹ್ಯಾಮರ್ ತುದಿಯ ಇಕ್ಕೆಲದ ಇಳಿಜಾರಿನಿಂದ) ತುದಿಯ ಕಡೆಗೆ ಒಂದೊಂದೇ ಪದರ ತೆಗೆಯಿರಿ, ಕೊನೆಗೆ 220. ತಾರಸ್ಥಾಯಿಯ ಕೊನೆಯ ಹ್ಯಾಮರ್‌ಗಳಲ್ಲಿ ಫೆಲ್ಟ್ ತೀರಾ ತೆಳು, ಅಲ್ಲಿ ಆದಷ್ಟು ಕಡಿಮೆ ಉಜ್ಜಿ.

ಈಗ ಎಲ್ಲರೂ ಬಿಟ್ಟುಬಿಡುವ ಹಂತ. ಬಲ ಪೆಡಲ್ ಒತ್ತಿಟ್ಟು, ಹ್ಯಾಮರನ್ನು ತಂತಿಗೆ ಹಗುರವಾಗಿ ತಾಗಿಸಿ ಹಿಡಿದು, ಆ ಸ್ವರದ ಮೂರೂ ತಂತಿಗಳನ್ನು ಒಂದೊಂದಾಗಿ ಮೀಟಿ. ಮೊಂಡಾಗಿ ಸದ್ದು ಮಾಡಿದ ತಂತಿಗೆ ಹ್ಯಾಮರ್ ತಗುಲಿದೆ. ಬಿಡುಬೀಸಾಗಿ ಮೊಳಗಿದ್ದಕ್ಕೆ ತಗುಲಿಲ್ಲ. ಆ ತಂತಿ ಮೇಲೆದ್ದಿದ್ದರೆ ಅಗ್ರಾಫ್ (ತಂತಿ ಹಾದುಹೋಗುವ ತೂತುಗಳಿರುವ ಲೋಹದ ತುಂಡು) ಬಳಿ ಹಗುರವಾಗಿ ಒತ್ತಿ ಉಳಿದವುಗಳ ಮಟ್ಟಕ್ಕೆ ತನ್ನಿ. ಮೂರೂ ಸಮವಾದ ಮೇಲೂ ಒಂದು ಮೊಳಗಿದರೆ ಮಾತ್ರ ಹ್ಯಾಮರನ್ನು ಉಜ್ಜಿ. ಬ್ರಿಡ್ಜ್ (ತಂತಿಗಳ ಇನ್ನೊಂದು ಕೊನೆ ಒರಗಿರುವ ಮರದ ದಿಂಡು) ಬಳಿ ಸುತ್ತಿಗೆಯಿಂದ ಹೊಡೆಯಬೇಡಿ, ಮರ ತಗ್ಗಿ ಹೊಸ ತೊಂದರೆ ಶುರುವಾಗುತ್ತದೆ.

ಇಷ್ಟಾದರೂ ದನಿ ಮೆತ್ತಗಿದ್ದರೆ ಲ್ಯಾಕರ್: ಒಂದು ಪಾಲಿಗೆ ನಾಲ್ಕೈದು ಪಾಲು ಥಿನ್ನರ್, ಭುಜಗಳಿಗೆ ಕೆಲವು ಹನಿ, ತುದಿಗೆ ಬೇಡ. ಕಿಟಕಿ ತೆರೆದಿರಲಿ, ಬೆಂಕಿ ದೂರವಿರಲಿ. ಒಂದು ದಿನ ಒಣಗಿಸಿಯೇ ಕೇಳಿ ನೋಡಿ. ಹೆಚ್ಚು ಗಡುಸಾದರೆ ಭುಜಕ್ಕೆ ಸೂಜಿ ಚುಚ್ಚಿ ಸಡಿಲಿಸಬಹುದು.

ಮಂದ್ರದ, ಮೇಲೆ ತಾಮ್ರ ಸುತ್ತಿದ ತಂತಿಗಳು ಸತ್ತಂತಿದ್ದರೆ ಅವನ್ನು ಬದಲಿಸುವುದೇ ಲೇಸು. ಕೊನೆಗೆ ಸೌಂಡ್‌ಬೋರ್ಡ್ (ದನಿ ಹೊಮ್ಮಿಸುವ, ತುಸು ಮೇಲಕ್ಕೆ ಉಬ್ಬಿದ ಹಲಗೆ): ಕೆಳಗಿನಿಂದ, ಅದಕ್ಕೆ ಅಂಟಿಸಿದ ಉದ್ದದ ಪಟ್ಟಿಯೊಂದರ ಗುಂಟ ನೂಲು ಬಿಗಿಯಾಗಿ ಎಳೆದು ನೋಡಿ. ನಡುಭಾಗದಲ್ಲಿ ನೂಲಿಗೂ ಪಟ್ಟಿಗೂ ಮಧ್ಯೆ ಕಿಂಡಿ ಕಾಣಬೇಕು. ಉಬ್ಬು ಪೂರಾ ಇಳಿದು, ತಂತಿಗಳು ಬ್ರಿಡ್ಜನ್ನು ಒತ್ತುತ್ತಲೂ ಇಲ್ಲವೆಂದರೆ ಹ್ಯಾಮರ್ ಕೆಲಸಕ್ಕೆ ಹಣ ಸುರಿಯಬೇಡಿ. ಅದು ಪೂರ್ತಿ ಬಿಚ್ಚಿ ಕಟ್ಟುವವರ ಕೆಲಸ.