ಕತ್ತಿನ ಗಡ್ಡೆಗೆ ಸೂಜಿ ಪರೀಕ್ಷೆ: ಒಳಗೆ ಹೋದ ಮೇಲೆ ಏನು ಮಾಡುತ್ತಾರೆ?

ಕೋಲಾರದ ಕಡೆ ಕತ್ತಿನಲ್ಲಿ ಗಡ್ಡೆ ಕಂಡರೆ ಮೊದಲು ಸುಣ್ಣ, ಅರಿಶಿನ ಹಚ್ಚುತ್ತಾರೆ. ಆಮೇಲೆ ಮೆಡಿಕಲ್ ಶಾಪಿನ ಮಾತ್ರೆ. ಹಲ್ಲು ಹುಳುಕಾದರೆ, ಗಂಟಲು ಕೆಟ್ಟರೆ, ತಲೆಯಲ್ಲಿ ಹುಣ್ಣಾದರೂ ಕತ್ತಿನ ಲಿಂಫ್ ಗ್ರಂಥಿ (ಸೋಂಕಿನ ವಿರುದ್ಧ ಹೋರಾಡುವ ಸಣ್ಣ ಗಂಟು) ಊದಿಕೊಳ್ಳುತ್ತದೆ. ಬಹಳಷ್ಟು ತಾವಾಗಿಯೇ ಇಳಿಯುತ್ತವೆ. ಎರಡು ವಾರವಾದರೂ ಇಳಿಯದಿದ್ದರೆ, ಅಥವಾ ಜೊತೆಗೆ ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದ್ದರೆ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲೋ ಹತ್ತಿರದ ಬೇರೆ ಕಡೆಯೋ ವೈದ್ಯರಿಗೆ ತೋರಿಸಿ. ನೋವಿಲ್ಲವಲ್ಲ ಅಂತ ಸುಮ್ನಿರಬೇಡಿ. ಕ್ಷಯ (ಟಿಬಿ) ಕತ್ತಿನ ಗ್ರಂಥಿಗೂ ಬರುತ್ತದೆ, ಆ ಗಡ್ಡೆ ಎಷ್ಟೋ ಸಲ ನೋಯುವುದೇ ಇಲ್ಲ.

ವೈದ್ಯರು ‘ಎಫ್‌ಎನ್‌ಎಸಿ’ (ಸಣ್ಣ ಸೂಜಿಯಿಂದ ಗಡ್ಡೆಯ ಜೀವಕೋಶ ತೆಗೆದು ನೋಡುವ ಪರೀಕ್ಷೆ) ಬರೆದರೆ ಗಾಬರಿ ಬೇಡ. ಊಟ ಬಿಟ್ಟು ಬರಬೇಕಾಗಿಲ್ಲ. ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ ಮಾತ್ರ ಮೊದಲೇ ಹೇಳಿ.

ಸ್ಪಿರಿಟ್‌ನಿಂದ ಚರ್ಮ ಒರೆಸಿ, ಗಡ್ಡೆ ಜಾರದಂತೆ ಎರಡು ಬೆರಳಲ್ಲಿ ಹಿಡಿಯುತ್ತಾರೆ. ಆ ಹೊತ್ತಲ್ಲಿ ಮಾತಾಡಬೇಡಿ, ಎಂಜಲು ನುಂಗಬೇಡಿ. ಸೂಜಿ 22ರಿಂದ 25 ಗೇಜಿನದು. ಗೇಜ್ ಸಂಖ್ಯೆ ಜಾಸ್ತಿಯಾದಷ್ಟೂ ಸೂಜಿ ಸಣ್ಣ. ಮರಗಟ್ಟಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಕೊಡುವುದಿಲ್ಲ, ಅದೂ ಒಂದು ಚುಚ್ಚೇ ಅಲ್ವಾ! ಸಿರಿಂಜಿನ ಹಿಡಿ ಎಳೆದು, ಗಡ್ಡೆಯೊಳಗೆ ಸೂಜಿಯನ್ನು ಹಿಂದೆ ಮುಂದೆ ಆಡಿಸುತ್ತಾರೆ. ಕೆಲವೇ ಸೆಕೆಂಡು. ಸೂಜಿ ಹೊರತೆಗೆಯುವ ಮುಂಚೆ ಎಳೆದ ಹಿಡಿಯನ್ನು ಬಿಡಬೇಕು, ಇಲ್ಲದಿದ್ದರೆ ಬಂದಷ್ಟು ಜೀವಕೋಶಗಳೂ ಸಿರಿಂಜಿನೊಳಗೆ ಹೋಗಿ ಅಂಟಿಕೊಳ್ಳುತ್ತವೆ. ಇನ್ನೊಂದೆರಡು ಸಲ ಚುಚ್ಚಬಹುದು. ಆಮೇಲೆ ಹತ್ತಿ ಒತ್ತಿಕೊಳ್ಳುವುದು ನಿಮ್ಮ ಕೆಲಸ.

ಚುಚ್ಚಿದರೆ ರೋಗ ಹರಡುತ್ತದೆ ಅನ್ನುವವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಇಷ್ಟು ಸಣ್ಣ ಸೂಜಿಯಿಂದ ಹಾಗಾಗುವುದು ತೀರಾ ಅಪರೂಪ. ಹೆಚ್ಚೆಂದರೆ ಸ್ವಲ್ಪ ನೋವು, ಒಂದಿಷ್ಟು ಕಂದಿದ ಕಲೆ.

ಸೂಜಿಯಲ್ಲಿ ಬಂದದ್ದನ್ನು ಗಾಜಿನ ಸ್ಲೈಡಿಗೆ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಕೀವಿನಂಥದ್ದು ಬಂದರೆ, ಅಥವಾ ಕ್ಷಯದ ಅನುಮಾನವಿದ್ದರೆ, ಒಂದು ಪ್ರಶ್ನೆ ಕೇಳಿ: ‘ಸಿಬಿನಾಟ್‌ಗೂ ಸ್ವಲ್ಪ ಇಡ್ತೀರಾ?’ ಅದು ಕ್ಷಯ ಪತ್ತೆಯ ಇನ್ನೊಂದು ಪರೀಕ್ಷೆ. ಸ್ಲೈಡಿನಲ್ಲಿ ಕ್ಷಯದ ಕ್ರಿಮಿ ಪ್ರತಿ ಸಲ ಕಾಣುವುದಿಲ್ಲ. ಸಿಬಿನಾಟ್ ಆ ಕ್ರಿಮಿಯನ್ನೂ ಹುಡುಕುತ್ತದೆ, ಅದಕ್ಕೆ ಕ್ಷಯದ ಮುಖ್ಯ ಔಷಧಿ ರಿಫಾಂಪಿಸಿನ್ ನಾಟುತ್ತದೋ ಇಲ್ಲವೋ ಎಂಬುದನ್ನೂ ಹೇಳುತ್ತದೆ. ಆಗಲೇ ಕೇಳಿದರೆ ಇನ್ನೊಮ್ಮೆ ಚುಚ್ಚಿಸಿಕೊಳ್ಳುವುದು ತಪ್ಪಬಹುದು.

ರಿಪೋರ್ಟಿನಲ್ಲಿ ‘ರಿಯಾಕ್ಟಿವ್’ ಎಂದಿದ್ದರೆ ಗ್ರಂಥಿ ಯಾವುದೋ ಸೋಂಕಿಗೆ ಊದಿದೆ ಎಂದರ್ಥ. ‘ಗ್ರಾನ್ಯುಲೋಮಾ’ (ರೋಗದ ವಿರುದ್ಧ ಗುಂಪುಗೂಡಿದ ಜೀವಕೋಶಗಳು) ಎಂದಿದ್ದರೆ ನಮ್ಮಲ್ಲಿ ಮೊದಲ ಅನುಮಾನ ಕ್ಷಯದ ಮೇಲೆ. ‘ಇನ್‌ಅಡಿಕ್ವೇಟ್’ ಎಂದರೆ ಸಾಕಷ್ಟು ಜೀವಕೋಶ ಸಿಕ್ಕಿಲ್ಲ, ಅಷ್ಟೇ. ರೋಗವಿಲ್ಲ ಅಂತಲ್ಲ, ಮತ್ತೆ ಮಾಡಿಸಿ. ಲಿಂಫೋಮಾ (ಲಿಂಫ್ ಗ್ರಂಥಿಯ ಕ್ಯಾನ್ಸರ್) ಅನುಮಾನ ಬಂದರೆ ಸೂಜಿ ಸಾಲದು. ಗ್ರಂಥಿಯನ್ನೇ ತೆಗೆದು ಬಯಾಪ್ಸಿ ಮಾಡಬೇಕಾಗುತ್ತದೆ. ರಿಯಾಕ್ಟಿವ್ ಬಂದ ಮೇಲೂ ಗಡ್ಡೆ ಬೆಳೆಯುತ್ತಿದ್ದರೆ ವೈದ್ಯರ ಹತ್ತಿರ ವಾಪಸ್ ಹೋಗಿ.

ಕ್ಷಯವೆಂದು ಗೊತ್ತಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, ಸಾಮಾನ್ಯವಾಗಿ 6 ತಿಂಗಳು. ಮಾತ್ರೆ ನುಂಗುವಾಗಲೇ ಕೆಲವರಿಗೆ ಗಡ್ಡೆ ಇನ್ನೂ ದೊಡ್ಡದಾಗುವುದುಂಟು. ಆಗ ವೈದ್ಯರಿಗೆ ತೋರಿಸಿ, ಮಾತ್ರೆ ಮಾತ್ರ ನೀವಾಗಿಯೇ ಬಿಡಬೇಡಿ.