ಮುಕ್ಕಾಲು ಮುಧೋಳ: ಹಂದಿ ಓಡಿಸುವ ನಾಯಿ ಮಾಡಿಕೊಂಡ ನನ್ನ ಅನುಭವ

ಈ ಸಲ ಗೋವಿನಜೋಳದ ರಾಶಿ ಮಾಡಿದಾಗ ಮೂರು ಎಕರೆಗೆ 60 ಕ್ವಿಂಟಲ್ ಮೇಲೆ ಬಂತು. ನಾಲ್ಕು ವರ್ಷದ ಹಿಂದೆ ಇದೇ ಹೊಲದಲ್ಲಿ 35 ಕೂಡ ದಾಟಿರಲಿಲ್ಲ, ಉಳಿದದ್ದು ಕಾಡುಹಂದಿ ಪಾಲು. ಬೀಜ ಅದೇ, ಗೊಬ್ಬರ ಅದೇ, ನೀರೂ ಅದೇ. ಹೊಸದಾಗಿ ಬಂದವಳು ಗೆಜ್ಜಿ ಒಬ್ಬಳೇ. ಗೆಜ್ಜಿ ಅಂದರೆ ನನ್ನ ಹೆಣ್ಣು ನಾಯಿ. ಮುಕ್ಕಾಲು ಭಾಗ ಮುಧೋಳ ಅನ್ನುವ ಬೇಟೆ ನಾಯಿ, ಕಾಲು ಭಾಗ ಕುರಿಗಾರರ ನಾಯಿ. ಹೀಗೆ ಕಲಬೆರಕೆ ಮಾಡುತ್ತೇನೆ ಅಂದಾಗ ನಕ್ಕವರೇ ಈಗ ಮರಿ ಕೇಳುತ್ತಿದ್ದಾರೆ. ಅದಕ್ಕೇ ಬರೆಯಲು ಕೂತೆ.

ಜಂತಿನ ಔಷಧಿ, ಲಸಿಕೆ, ಅಂಬಲಿ ಇವೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಬಿಟ್ಟು ನಾನು ಎಲ್ಲಿ ಎಡವಿದೆ, ಎಷ್ಟು ದುಡ್ಡು ಕಳೆದೆ ಅನ್ನುವುದನ್ನು ಹೇಳುತ್ತೇನೆ.

ನಮ್ಮ ಹೊಲ ಮುಧೋಳ ತಾಲ್ಲೂಕಿನಲ್ಲೇ ಇದೆ. ಒಂದು ಬದಿಗೆ ಪಕ್ಕದವರ ಕಬ್ಬು, ಇನ್ನೊಂದು ಬದಿಗೆ ಕಲ್ಲು ಗುಡ್ಡ. ಹಗಲೆಲ್ಲ ಕಬ್ಬಿನಲ್ಲಿ ಮಲಗಿದ ಹಂದಿ ರಾತ್ರಿ ನನ್ನ ಜೋಳಕ್ಕೆ ಬರುತ್ತಿದ್ದವು. ಮೊದಲು ಎಲ್ಲರ ಹಾಗೆ ನಾನೂ ಶುದ್ಧ ಮುಧೋಳ ಜಾತಿ ನಾಯಿ ತಂದೆ. 12 ಸಾವಿರ ಕೊಟ್ಟು ತಂದ ಹೆಣ್ಣು ಮರಿ, ಹೆಸರು ಚಿಗರಿ. ಏನು ಓಟ ಅಂತೀರಿ! ಕಾಲುವೆ ರಸ್ತೆಯಲ್ಲಿ ಬೈಕಿನ ಜೊತೆ ಬಿಟ್ಟರೆ ಮೀಟರ್ ಮುಳ್ಳು 48ಕ್ಕೆ ಹೋಗಿರುತ್ತಿತ್ತು, ಅವಳು ನನ್ನ ಪಕ್ಕದಲ್ಲೇ ಇರುತ್ತಿದ್ದಳು. ಬಹಳ ಹೊತ್ತಲ್ಲ, ಎರಡು ವಿದ್ಯುತ್ ಕಂಬದ ನಡುವಿನ ದೂರ ಅಷ್ಟೇ.

ಆದರೆ ಮುಧೋಳ ನಾಯಿ ಬೇಟೆ ಆಡುವುದು ಕಣ್ಣಿನಿಂದ. ಬಯಲಲ್ಲಿ ಅದಕ್ಕೆ ಸಾಟಿ ಇಲ್ಲ. ಆಳೆತ್ತರದ ಕಬ್ಬಿನೊಳಗೆ, ಅದೂ ರಾತ್ರಿ, ಕಣ್ಣಿಗೆ ಏನು ಕೆಲಸ? ಚಿಗರಿ ಒಂದು ರಾತ್ರಿ ಹಂದಿ ಹಿಂದೆ ಕಬ್ಬಿನೊಳಗೆ ನುಗ್ಗಿದಳು. ಬೊಗಳುವುದಂತೂ ಅವಳಿಗೆ ಗೊತ್ತೇ ಇಲ್ಲ. ಎಲ್ಲಿದ್ದಾಳೆ, ಏನಾಯಿತು, ಒಂದೂ ತಿಳಿಯಲಿಲ್ಲ. ಬ್ಯಾಟರಿ ಹಿಡಿದು ಬದುವಿನ ಮೇಲೆ ಅರ್ಧ ಗಂಟೆ ನಿಂತೆ. ಕೊನೆಗೆ ಬಂದಳು, ಹಿಂದಿನ ತೊಡೆ ಕೋರೆಹಲ್ಲಿಗೆ ಸಿಕ್ಕಿ ಬಾಯಿ ತೆರೆದ ಚೀಲದ ಹಾಗೆ ಆಗಿತ್ತು. ಈ ನಾಯಿಗಳ ಚರ್ಮ ನಿಮಗೆ ಗೊತ್ತಲ್ಲ, ತಂತಿ ಬೇಲಿ ತಾಗಿದರೂ ಹರಿಯುತ್ತದೆ.

ಹೊಲಿಗೆ ಹಾಕಿಸಲು ಒಯ್ದ ಕಡೆ ಸಾಮಾನ್ಯ ನಾಯಿಗೆ ಕೊಡುವ ಲೆಕ್ಕದಲ್ಲೇ ಅರಿವಳಿಕೆ ಕೊಟ್ಟರು. ಬೆಳಿಗ್ಗೆ ಹತ್ತಕ್ಕೆ ಮಲಗಿದವಳು ರಾತ್ರಿ ಒಂಬತ್ತಾದರೂ ತಲೆ ಎತ್ತಲಿಲ್ಲ. ಮೈ ತಣ್ಣಗಾಗಿತ್ತು. ಗೋಣಿಚೀಲ, ಹಳೆ ಕೌದಿ ಹೊದಿಸಿ ಪಕ್ಕದಲ್ಲೇ ಕೂತೆ. ಈ ಜಾತಿಯ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ, ಕೆಲವು ಅರಿವಳಿಕೆ ಔಷಧಿ ಬೇಗ ಇಳಿಯುವುದಿಲ್ಲ ಅಂತ ಆಮೇಲೆ ಬೇರೆ ಡಾಕ್ಟರ್ ಹೇಳಿದರು. ಗ್ರೇಹೌಂಡಿನಂಥ ತೆಳ್ಳನೆಯ ಓಟದ ನಾಯಿ ಯಾವುದಿದ್ದರೂ ಸೂಜಿ ಚುಚ್ಚುವ ಮೊದಲೇ ಇದನ್ನು ಬಾಯಿಬಿಟ್ಟು ಹೇಳಿ. ಹೊಲಿಗೆ, ಔಷಧಿ, ಓಡಾಟ ಸೇರಿ 14 ಸಾವಿರ ಹೋಯಿತು. ಚಿಗರಿ ಉಳಿದಳು, ಆದರೆ ಆ ಕಾಲು ಮೊದಲಿನ ಹಾಗೆ ಆಗಲೇ ಇಲ್ಲ.

ಆಗ ಇಂಗ್ಲೆಂಡಿನಲ್ಲಿರುವ ತಂಗಿ ಮಗ ಒಂದು ವಿಡಿಯೋ ಕಳಿಸಿದ. ನೋಡಲು ಕೂದಲು ಕೆದರಿದ ಬಡಕಲು ನಾಯಿ. ಅದಕ್ಕೆ ಅಲ್ಲಿ ಲರ್ಚರ್ ಅನ್ನುತ್ತಾರೆ. ಗ್ರೇಹೌಂಡಿಗೆ ಕುರಿ ಕಾಯುವ ಕೋಲಿ ನಾಯಿಯನ್ನೋ ಟೆರಿಯರನ್ನೋ ಕೂಡಿಸಿ ಮಾಡಿದ್ದು. ಹಿಂದೆ ಅಲ್ಲಿನ ಬಡವರು ಜಮೀನ್ದಾರರ ಹೊಲದಲ್ಲಿ ರಾತ್ರಿ ಕದ್ದು ಮೊಲ ಹಿಡಿಯಲು ಇಂಥ ನಾಯಿ ಇಟ್ಟುಕೊಳ್ಳುತ್ತಿದ್ದರಂತೆ. ಓಡಲು ಗ್ರೇಹೌಂಡಿನ ಕಾಲು, ಮಾತು ಕೇಳಲು ಕುರಿ ನಾಯಿಯ ತಲೆ. ಅಲ್ಲೂ 2004ರ ಬೇಟೆ ಕಾಯ್ದೆ ಬಂದ ಮೇಲೆ ನಾಯಿ ಬಿಟ್ಟು ಮೊಲ ಹಿಡಿಯುವ ಪಂದ್ಯಕ್ಕೆ ನಿಷೇಧ ಇದೆ. ನನಗೆ ಮೊಲ ಬೇಡ, ನಾಯಿ ಕೂಡಿಸುವ ಆ ಲೆಕ್ಕ ಮಾತ್ರ ಬೇಕಿತ್ತು. ಕುರಿಗಾರರ ನಾಯಿ ನಮ್ಮಲ್ಲೂ ಇದೆಯಲ್ಲ, ವರ್ಷ ವರ್ಷ ನಮ್ಮ ಹೊಲದಲ್ಲೇ ಕುರಿ ನಿಲ್ಲಿಸುತ್ತಾರೆ, ಅವರ ನಾಯಿ ಕತ್ತಲಲ್ಲಿ ಮೂಗಿನಿಂದಲೇ ತೋಳದ ಸುಳಿವು ಹಿಡಿದು ಬೊಗಳುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ.

ಚಿಗರಿಗೆ ಅಂಥ ನಾಯಿ ಕೂಡಿಸುತ್ತೇನೆ ಅಂತ ಊರಲ್ಲಿ ಹೇಳಿದೆ ನೋಡಿ, ಮಂಗಳಾರತಿ ಶುರುವಾಯಿತು. ನಮ್ಮ ಕಾಕಾ ಅಂತೂ, "ಮುಧೋಳದ ಘೋರ್ಪಡೆ ರಾಜರು ಇಂಗ್ಲೆಂಡ್ ದೊರಿಗೆ ಕೊಟ್ಟ ನಾಯಿ ಅದು, ಅಂಚೆ ಚೀಟಿ ಮ್ಯಾಲ ಬಂದೈತಿ, ಮಿಲಿಟರಿಗೆ ಹೋಗೈತಿ, ಅದಕ್ಕ ಕಂತ್ರಿ ನಾಯಿ ಕೂಡಸ್ತೀಯಲ್ಲೋ, ಕುದುರಿಗೆ ಕತ್ತೆ ಕಟ್ಟಿದಂಗಾತು" ಅಂದರು. ಅವರು ಹೇಳಿದ್ದೆಲ್ಲ ನಿಜವೇ. ಚೀಟಿ 2005ರಲ್ಲಿ ಬಂತು. ಜಾತಿ ಶುದ್ಧ ಉಳಿಸಲು ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವೇ ಇದೆ, ಅದು ಇರಲೇಬೇಕು. ನಾನೂ ಚಿಗರಿಯಿಂದ ಒಂದು ಶುದ್ಧ ಸೂಲು ತೆಗೆದಿದ್ದೇನೆ. ಆದರೆ ಅಂಚೆ ಚೀಟಿ ನನ್ನ ಜೋಳ ಕಾಯುವುದಿಲ್ಲ ಅಲ್ವಾ?

ಕುರಿಗಾರರ ಕಾಳ ಅನ್ನುವ ಗಂಡು ನಾಯಿಗೆ ಚಿಗರಿಯನ್ನು ಕೂಡಿಸಿದೆ. ಖರ್ಚು ಒಂದು ಚೀಲ ಜೋಳ. ಆರು ಮರಿ ಹುಟ್ಟಿದವು. ಈ ಅರ್ಧ-ಅರ್ಧ ಲೆಕ್ಕ ಪೂರಾ ತಪ್ಪಿತು. ಮೈ ದಪ್ಪ, ಓಟ ಸಾಲದು. ಬೊಗಳುವುದು ಮಾತ್ರ ಬೇಕಾದಷ್ಟು, ಅದೂ ಮನೆ ಮುಂದೆ ಕೂತುಕೊಂಡು. ಬದು ದಾಟಿ ನೂರು ಹೆಜ್ಜೆ ಹೋಗಲು ಒಲ್ಲವು. ಒಂದಂತೂ ಹಂದಿ ಬಿಟ್ಟು ಪಕ್ಕದವರ ಕೋಳಿ ಹಿಡಿಯಿತು. ನಾಲ್ಕು ಕೋಳಿಗೆ 1,600 ದಂಡ ಕೊಟ್ಟೆ, ಜವಾರಿ ಕೋಳಿ ಅಂತ ಹೇಳಿ ರೇಟ್ ಏರಿಸಿದರು. ಮರಿಗಳನ್ನು ಯಾರೂ ದುಡ್ಡು ಕೊಟ್ಟು ಒಯ್ಯಲಿಲ್ಲ. ಸುಮ್ನೆ ಹಂಚಿದೆ. ಬೋರಿ ಅನ್ನುವ ಒಂದು ಹೆಣ್ಣನ್ನು ಇಟ್ಟುಕೊಂಡೆ. ಅವಳಲ್ಲಿ ಒಂದು ಗುಣ ಇತ್ತು: ಎಷ್ಟೇ ಜೋರಾಗಿ ಓಡುತ್ತಿರಲಿ, ನಡುವೆ ಒಮ್ಮೆ ತಿರುಗಿ ನನ್ನನ್ನು ನೋಡುತ್ತಿದ್ದಳು.

ನನ್ನ ಪ್ರಕಾರ ಬೇಟೆ ನಾಯಿಯ ಬೆಲೆ ಇರುವುದು ಈ ತಿರುಗಿ ನೋಡುವುದರಲ್ಲೇ. ಎದೆ ಆಳ ಇರಬೇಕು, ಬೆನ್ನು ಬಿಲ್ಲಿನ ಹಾಗೆ ಬಾಗಬೇಕು, ಬೆರಳು ಒತ್ತಾಗಿರಬೇಕು, ಇದನ್ನೆಲ್ಲ ಎಲ್ಲರೂ ನೋಡುತ್ತಾರೆ. ಓಡುವ ನಾಯಿ ಮುಧೋಳದಲ್ಲಿ ಬೀದಿಗೊಂದು ಸಿಗುತ್ತದೆ. ಓಟದ ನಡುವೆ ಒಡೆಯ ನೆನಪಾಗುವ ನಾಯಿ ಎಲ್ಲಿ ಸಿಗುತ್ತದೆ?

ಬೋರಿಗೆ ಶುದ್ಧ ಮುಧೋಳ ಗಂಡು ಕೂಡಿಸಿದರೆ ಮುಕ್ಕಾಲು ಆಗುತ್ತದೆ. ಇಲ್ಲಿ ಇನ್ನೊಂದು ಗೋಳು. ಗಂಡು ನಾಯಿ ಇದ್ದವರು ಕಂತ್ರಿಗೆ ಕೊಡುವುದಿಲ್ಲ ಅಂದರು. ಒಬ್ಬರಂತೂ ಹಾಗೆ ಕೂಡಿಸಿದರೆ ನಮ್ಮ ಗಂಡಿನ ರಕ್ತವೇ ಕೆಡುತ್ತದೆ ಅಂತ ವಾದ ಮಾಡಿದರು. ನಗಬೇಕೋ ಅಳಬೇಕೋ! ಬೆದೆ ಎಷ್ಟು ದಿನ ಕಾಯುತ್ತದೆ? ಒಂದು ಬೆದೆ ಹಾಗೇ ಹೋಯಿತು, ಆರೇಳು ತಿಂಗಳು ಕಾದೆ. ಕೊನೆಗೆ ಬೀಳಗಿ ಕಡೆಯವರೊಬ್ಬರು ಯಾರಿಗೂ ಹೇಳಬಾರದು ಅನ್ನುವ ಷರತ್ತಿನ ಮೇಲೆ 5 ಸಾವಿರ ತೆಗೆದುಕೊಂಡು ಒಪ್ಪಿದರು.

ಏಳು ಮರಿ. ಎರಡು ಪಾರ್ವೋ ಅನ್ನುವ ವಾಂತಿ-ಭೇದಿ ರೋಗದಲ್ಲಿ ಹೋದವು. ಗ್ಲೂಕೋಸ್ ಬಾಟಲಿ, ಇಂಜೆಕ್ಷನ್ ಅಂತ ನಾಲ್ಕು ದಿನಕ್ಕೆ 6-7 ಸಾವಿರ ಸುರಿದೆ, ಪ್ರಯೋಜನವಾಗಲಿಲ್ಲ. ಉಳಿದ ಐದಕ್ಕೆ ಎಂಟನೇ ವಾರದಲ್ಲಿ ಚಪ್ಪಲಿ ಪರೀಕ್ಷೆ ಮಾಡಿದೆ. ಇದು ನನ್ನದೇ ಕಂಡುಹಿಡಿತ. ಒಂದೊಂದೇ ಮರಿಯನ್ನು ಖಾಲಿ ಕಣದಲ್ಲಿ ಬಿಟ್ಟು ಕಾಲಿನ ಚಪ್ಪಲಿ ತೆಗೆದು ಹತ್ತು ಹೆಜ್ಜೆ ದೂರ ಎಸೆಯುವುದು. ಎಲ್ಲವೂ ಓಡುತ್ತವೆ. ಒಂದು ಚಪ್ಪಲಿ ಕಚ್ಚಿಕೊಂಡು ಬೇರೆ ದಿಕ್ಕಿಗೆ ಹೋಗುತ್ತದೆ, ಒಂದು ಅಲ್ಲೇ ಕೂತು ಹರಿಯುತ್ತದೆ. ಗೆಜ್ಜಿ ಅರ್ಧ ದಾರಿಯಲ್ಲಿ ನಿಂತಳು, ಒಂದು ಕಿವಿ ಮಡಚಿ ಒಂದು ಕಿವಿ ಎತ್ತಿ ನನ್ನ ಕಡೆ ನೋಡಿದಳು, ಆಮೇಲೆ ಹೋಗಿ ಚಪ್ಪಲಿ ಎತ್ತಿದಳು. ಮೂರು ದಿನ ಮೂರು ಸಲ ಮಾಡಿದೆ, ಮೂರೂ ಸಲ ಹಾಗೇ ಮಾಡಿದಳು. ಅವಳ ಅಣ್ಣ ಒಬ್ಬ ಎರಡು ಸಲ ಮಾಡಿದ, ಅವನನ್ನೂ ಇಟ್ಟುಕೊಂಡೆ.

ಆ ಅಣ್ಣನನ್ನು ನಾನೇ ಕೆಡಿಸಿದೆ. ಆರು ತಿಂಗಳಿಗೇ ಬೈಕಿನ ಹಿಂದೆ ಓಡಿಸಿದೆ. ಎಳೆ ಮೂಳೆ, ಮುಂಗಾಲು ಸೊಟ್ಟಗಾಯಿತು. ಈಗ ಮನೆ ಕಾಯುತ್ತಾನೆ. ವರ್ಷ ತುಂಬುವವರೆಗೆ ಜೋರು ಓಟ ಬೇಡ, ಮರಿ ತಾನಾಗಿ ಎಷ್ಟು ಕುಣಿಯುತ್ತದೋ ಅಷ್ಟು ಸಾಕು. ಹೊಟ್ಟೆಗೆ ಹಾಕಿ ನಾಲ್ಕು ತಾಸು ಆಗದೆ ಓಡಿಸಬೇಡಿ, ಎದೆ ಆಳ ಇರುವ ನಾಯಿಗೆ ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಡಾಕ್ಟರ್ ಬರುವಷ್ಟರಲ್ಲಿ ಮುಗಿದಿರುತ್ತದೆ. ಬೇಸಿಗೆಯಲ್ಲಿ ಎರೆ ಹೊಲದ ಬಿರುಕಿನಲ್ಲಿ ಬೆರಳು ಸಿಕ್ಕಿ ಮುರಿಯುತ್ತವೆ. ಆ ಎರಡು ತಿಂಗಳು ಗೆಜ್ಜಿಗೆ ರಜೆ.

ಪಾಠ ಶುರು ಮಾಡಿದ್ದು 50 ಅಡಿ ಹಗ್ಗ, ಒಂದು ಸೀಟಿ, ಒಣಗಿಸಿದ ಕೋಳಿ ಲಿವರ್ ಇಷ್ಟರಲ್ಲೇ. ಸೀಟಿ ಊದಿದರೆ ಬರಬೇಕು, ಬಂದರೆ ಲಿವರ್. ಮನೆ ಹತ್ತಿರ ಇದು ಯಾವ ನಾಯಿಗೂ ಬರುತ್ತದೆ. ಕಣ್ಣ ಮುಂದೆ ಮೊಲ ಎದ್ದಾಗ ಏನು ಮಾಡುತ್ತದೆ ಅನ್ನುವುದೇ ಪರೀಕ್ಷೆ. ನಮ್ಮ ತಾಲ್ಲೂಕಿನ ಗುಡ್ಡಗಳಲ್ಲೇ ಚಿಂಕಾರ ಅನ್ನುವ ಹುಲ್ಲೆಗಳ ಯಡಹಳ್ಳಿ ಧಾಮ ಇದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಚಿಂಕಾರ, ಮೊಲ, ಹಂದಿ ಯಾವುದನ್ನೂ ಬೇಟೆ ಆಡುವಂತಿಲ್ಲ. ಹಲಗಲಿ ಬೇಡರ ಕಾಲ ಮುಗಿದು ಎಷ್ಟೋ ವರ್ಷವಾಯಿತು. ನನ್ನ ನಾಯಿ ಬದುವಿನ ಒಳಗೆ ಇರಬೇಕು, ಬೊಗಳಬೇಕು, ಏನನ್ನೂ ಮುಟ್ಟಬಾರದು.

ಐದಾರು ತಿಂಗಳು ನಾನು ಮಾಡಿದ ತಪ್ಪು ಅಂದರೆ ಸೀಟಿ ತಡವಾಗಿ ಊದುತ್ತಿದ್ದದ್ದು. ಮುಧೋಳ ರಕ್ತ ಪೂರ್ತಿ ವೇಗಕ್ಕೆ ಬಂದ ಮೇಲೆ ಕಿವಿ ಮುಚ್ಚುತ್ತದೆ. ನೀವು ಸೀಟಿ ಊದಿ, ಶಂಖ ಊದಿ, ಅದಕ್ಕೆ ಕೇಳಿಸುವುದಿಲ್ಲ. ಮೊದಲ ಹತ್ತು ಹೆಜ್ಜೆಯಲ್ಲೇ ಊದಬೇಕು. ಅದಕ್ಕೂ ಮೊದಲು ಕಿವಿ ನಿಮಿರಿ ಕತ್ತು ಉದ್ದ ಆಗುತ್ತದಲ್ಲ, ಆ ಗಳಿಗೆಯಲ್ಲಿ ಊದಿದರೆ ಇನ್ನೂ ಒಳ್ಳೆಯದು. ಇದು ಗೊತ್ತಾದ ಮೇಲೆ ಎರಡೇ ತಿಂಗಳಲ್ಲಿ ಗೆಜ್ಜಿ ಎದ್ದ ಮೊಲ ಬಿಟ್ಟು ವಾಪಸ್ ಬಂದಳು. ಬೈಯುತ್ತ ಬಂದಳು, ಗೊಣಗುವ ಸದ್ದು ನನಗೆ ಕೇಳಿಸಿತು, ಆದರೂ ಬಂದಳು. ಹಂದಿ ಕಂಡಾಗ ದೂರ ನಿಂತು ಬೊಗಳುವಂತೆ ಕಲಿಸಿದ್ದು ಹೇಗೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದರೆ ಚಹಾ ಕುಡಿಯುತ್ತ ಹೇಳಬಹುದು, ಹೇಳದೆಯೂ ಇರಬಹುದು.

ನಡುವೆ ಒಂದು ಹುಚ್ಚೂ ಮಾಡಿದೆ. ನಾಯಿಗೆ ಓಟದ ಅಭ್ಯಾಸ ಆಗಲಿ ಅಂತ ಗುಜರಿಯಿಂದ ಹಳೆ ಮೊಪೆಡ್ ತಂದೆ, 1,800 ರೂಪಾಯಿ. ಹಿಂದಿನ ಚಕ್ರದ ಟೈರ್ ಬಿಚ್ಚಿ, ರಿಮ್ಮಿಗೆ ನೈಲಾನ್ ದಾರ ಸುತ್ತಿ, ತುದಿಗೆ ಬಿಳಿ ಪ್ಲಾಸ್ಟಿಕ್ ಚೀಲ ಕಟ್ಟಿದೆ. ಆಕ್ಸಿಲರೇಟರ್ ತಿರುವಿದರೆ ಚೀಲ ಮೊಲದ ಹಾಗೆ ಹಾರುತ್ತ ಬರಬೇಕು. ಬಂತು, ಚೀಲದ ಜೊತೆ ಗೆಜ್ಜಿಯೂ ಬಂದಳು, ಇಬ್ಬರೂ ಮೊಪೆಡ್ಡಿಗೇ ಗುದ್ದಿದರು. ದಾರ ನನ್ನ ಬೆರಳು ಕುಯ್ದಿತು, ಗುರುತು ಈಗಲೂ ಇದೆ. ಕೈಗವಸು ಇಲ್ಲದೆ ಇದನ್ನು ಮಾಡಬೇಡಿ, ಮಾಡದೇ ಇದ್ದರೂ ನಷ್ಟವಿಲ್ಲ. ಬೈಕಿಗೆ ಹಾಕುವ ಜಿಪಿಎಸ್ ಪೆಟ್ಟಿಗೆಯನ್ನೂ ಕೊರಳಿಗೆ ಕಟ್ಟಿ ನೋಡಿದೆ. 2,300 ಹೋಯಿತು. ಕಬ್ಬಿನೊಳಗೆ ನೆಟ್‌ವರ್ಕ್ ಇಲ್ಲ, ನಾಯಿ ಪಕ್ಕದಲ್ಲಿ ಕೂತಿದ್ದರೂ ಫೋನಿನಲ್ಲಿ ಲೋಕಾಪುರ ರಸ್ತೆಯಲ್ಲಿ ತೋರಿಸುತ್ತಿತ್ತು.

ಕೊನೆಗೆ ಕೆಲಸಕ್ಕೆ ಬಂದದ್ದು ಎತ್ತಿನ ಕೊರಳಿನ ಹಳೆ ಗೆಜ್ಜೆ. ನಾಲ್ಕು ಗೆಜ್ಜೆ ಅಗಲ ಚರ್ಮದ ಪಟ್ಟಿಗೆ ಹೊಲಿಸಿದೆ. ಈ ನಾಯಿಗಳ ತಲೆ ಸಣ್ಣ, ಕಿರಿದಾದ ಪಟ್ಟಿ ಜಾರಿ ಹೋಗುತ್ತದೆ, ಅದಕ್ಕೇ ಅಗಲ ಪಟ್ಟಿ. ಕತ್ತಲಲ್ಲಿ ನಾಯಿ ಎಲ್ಲಿದೆ ಅಂತ ನನಗೆ ಗೊತ್ತಾಗುತ್ತದೆ. ಅದಕ್ಕಿಂತ ಜಾಸ್ತಿ ಲಾಭ ಏನೆಂದರೆ ಹಂದಿಗೂ ಗೊತ್ತಾಗುತ್ತದೆ. ಒಂದು ತಿಂಗಳಲ್ಲಿ ಸದ್ದು ಕೇಳಿದರೆ ಸಾಕು, ಅವು ದಿಕ್ಕು ಬದಲಿಸತೊಡಗಿದವು. ಎದುರು ಬದುರು ಆಗುವ ಪ್ರಸಂಗವೇ ಕಡಿಮೆಯಾಯಿತು. ಹೆಸರು ಬಂದದ್ದೂ ಅದರಿಂದಲೇ, ಮೊದಲು ಅವಳನ್ನು ಬರೀ ಕೆಂಪಿ ಅನ್ನುತ್ತಿದ್ದೆವು.

ಗೆಜ್ಜಿಯ ಓಟ ಅಮ್ಮ ಬೋರಿ, ಅಜ್ಜಿ ಚಿಗರಿಯ ನಡುವೆ ಇದೆ. ಬೈಕ್ ಲೆಕ್ಕದಲ್ಲಿ 42-43. ಚಿಗರಿಗಿಂತ ಕಡಿಮೆ, ಆದರೆ ಚಿಗರಿ ಒಂದು ಓಟಕ್ಕೆ ಸುಸ್ತಾಗಿ ಮಲಗುತ್ತಿದ್ದಳು, ಗೆಜ್ಜಿ ರಾತ್ರಿಗೆ ಆರೇಳು ಸುತ್ತು ಹಾಕುತ್ತಾಳೆ. ತಿಂಗಳಿಗೆ ಊಟ, ಔಷಧಿ ಸೇರಿ 1,500 ಆಗಬಹುದು. ಜೋಳದ ರೊಟ್ಟಿ, ಮಜ್ಜಿಗೆ, ಎರಡು ದಿನಕ್ಕೊಮ್ಮೆ ಕೋಳಿ ಅಂಗಡಿಯ ಕಾಲು-ತಲೆ ಬೇಯಿಸಿ. ಮೊದಲಿನಿಂದ ಇಲ್ಲಿಯವರೆಗೆ ಎಲ್ಲ ಕೂಡಿಸಿದರೆ ಒಂದು ಲಕ್ಷ ದಾಟಿರಬೇಕು, ಹೆಂಡತಿ ಒಂದೂವರೆ ಅನ್ನುತ್ತಾಳೆ. ಈ ವರ್ಷದ ಜೋಳದಲ್ಲೇ ದೊಡ್ಡ ಪಾಲು ವಾಪಸ್ ಬಂದಿದೆ.

ದೀಪಾವಳಿ ಹೊತ್ತಿಗೆ ಗೆಜ್ಜಿ ಬೆದೆಗೆ ಬರಬಹುದು. ಈಗ ಗಂಡು ನಾಯಿ ಕೊಡುತ್ತೇವೆ ಅಂತ ಅಂದು ಒಲ್ಲೆ ಅಂದವರೇ ಫೋನ್ ಮಾಡುತ್ತಿದ್ದಾರೆ, 5 ಸಾವಿರದ ಮಾತೇ ಇಲ್ಲ. ಕಾಕಾ ಮೊದಲ ಮರಿ ತನಗೇ ಅಂದಿದ್ದಾರೆ. ಮರಿ ಬೇಕಾದವರು ಎಂಟನೇ ವಾರಕ್ಕೆ ಬಂದು ಕಣದಲ್ಲಿ ನಿಂತು ತಾವೇ ಪರೀಕ್ಷೆ ಮಾಡಿ ಒಯ್ಯಲಿ. ಚಪ್ಪಲಿ ಮಾತ್ರ ಅವರದ್ದೇ ಆಗಬೇಕು, ನನ್ನವು ಈಗಾಗಲೇ ಮೂರು ಜೊತೆ ಹೋಗಿವೆ.